ನೂರಾ ಕುಸ್ತಿ

ಇಚಲಕರಂಜಿಯ ಮಗ್ಗಕ್ಕೆ ರಜೆ ಇದ್ದ ದಿನ ಸ್ವಪ್ನಿಲ ಮಗಳು ಸ್ನೇಹಲಳನ್ನು ಪಕ್ಕಕ್ಕೆ ಕೂರಿಸಿಕೊಂಡು ಟಿವಿಯಲ್ಲಿ ಯೂಟ್ಯೂಬ್ ಹಚ್ಚಿದ. ತಾನು ಹನ್ನೊಂದು ವರ್ಷದವನಿದ್ದಾಗ ತನ್ನೂರು ನೇಸರಿಯಲ್ಲಿ, ನೆರೆಯ ಬಾಳಾಸಾಹೇಬರ ಮನೆಯ ಕೇಬಲ್ಲಿನಲ್ಲಿ, ಊಟ ಬಿಟ್ಟು ನೋಡುತ್ತಿದ್ದ ಅಮೆರಿಕದ ಕುಸ್ತಿಗಳು ಈಗ ಪುಕ್ಕಟೆ ಸಿಗುತ್ತವೆ. ಮುಖವಾಡದವರು, ಕುರ್ಚಿ ಎತ್ತಿ ಬೆನ್ನಿಗೆ ಬಡಿಯುವವರು, ಹಗ್ಗದ ಮೇಲಿಂದ ಹಾರುವವರು. ಅಂಥವರ ಚಿತ್ರದ ಕಾರ್ಡುಗಳು ಆಗ ಅವನ ಬಳಿ ಡಬ್ಬಿಗಟ್ಟಲೆ ಇದ್ದವು.

"ನೋಡು, ಕುಸ್ತಿ ಅಂದ್ರ ಇದು!" ಎಂದು ಜಂಬ ಕೊಚ್ಚಿದ.

ಹಿಂದೆ ಮಂಚದ ಮೇಲೆ ಅವನ ತಂದೆ ಪರಪ್ಪ ಗೋಡೆಗೊರಗಿ ಕೂತಿದ್ದರು. ಒಂದು ಕಾಲಕ್ಕೆ ನೇಸರಿಯ ಪೈಲವಾನರು. ಮಣ್ಣಿನಲ್ಲಿ ಉಜ್ಜಿ ಉಜ್ಜಿ ಮುರುಟಿದ ಕಿವಿಗಳೇ ಅದಕ್ಕೆ ಸಾಕ್ಷಿ. ಅಂಥವರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಮಗಳಿಗೆ ಟಿವಿಯಲ್ಲಿ ಕುಸ್ತಿ ತೋರಿಸುವ ಈ ಮಹಾಶಯನಿಗೆ ಏನೆನ್ನಬೇಕು! ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

ಸ್ನೇಹಲ ಐದು ನಿಮಿಷ ನೋಡಿದಳು. "ಪಪ್ಪಾ, ಆ ಗುದ್ದು ಹತ್ತೇ ಇಲ್ಲ. ಕಾಲಿಂದ ನೆಲಾ ಬಡದು ಸಪ್ಪಳ ಮಾಡಾಕತ್ತಾನ. ಇಬ್ಬರೂ ಮದ್ಲ ಮಾತಾಡಕೊಂಡಾರ." ಆಮೇಲೆ ನಕ್ಕು, "ಇದು ನೂರಾ ಕುಸ್ತಿ!" ಎಂದಳು.

ಸ್ವಪ್ನಿಲ ತಟ್ಟನೆ ಮಂಚದ ಕಡೆ ತಿರುಗಿ ನೋಡಿದ. ಕೊಲ್ಹಾಪುರದ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಈ ಮಾತು ಗೊತ್ತು. ಒಳಗೊಳಗೇ ಮಾತಾಡಿಕೊಂಡು ಮಂದಿಯ ಕಣ್ಣಿಗೆ ಮಣ್ಣೆರಚುವ ಸುಳ್ಳು ಕುಸ್ತಿ ಅದು. ಪೈಲವಾನನಿಗೆ ಬೇರೆ ಏನು ಬೈದರೂ ನಡೆದೀತು, ಇದೊಂದನ್ನು ಅನ್ನಬಾರದು.

ಸ್ವಪ್ನಿಲ ಅದನ್ನೇ ಅಂದಿದ್ದ.

ಅದೇ ಹನ್ನೊಂದನೆಯ ವಯಸ್ಸಿನಲ್ಲಿ, ನೇಸರಿಯ ಮೈದಾನದಲ್ಲಿ. ಅಪ್ಪನಿಗೂ ಗಡಹಿಂಗ್ಲಜದ ಒಬ್ಬ ಪೈಲವಾನನಿಗೂ ಜೋಡಿ ಬಿದ್ದಿತ್ತು. ಇಬ್ಬರೂ ಹಣೆಗೆ ಹಣೆ ಹಚ್ಚಿ, ಕುತ್ತಿಗೆ ಹಿಡಿದು ಮುಕ್ಕಾಲು ತಾಸು ನಿಂತರು. ಯಾರ ಬೆನ್ನೂ ಮಣ್ಣಿಗೆ ಹತ್ತಲಿಲ್ಲ. ಆ ಹಿಡಿತದಲ್ಲಿ ಎಷ್ಟು ಕಸುವಿದೆ ಎಂಬುದು ಕುರ್ಚಿಯ ಕುಸ್ತಿ ನೋಡಿ ಕೆಟ್ಟ ಕಣ್ಣಿಗೆ ಕಾಣಬೇಕಲ್ಲ! ಬೇಸತ್ತ ಹುಡುಗ ಮಂದಿಯ ಕಾಲ ಸಂದಿಯಿಂದ "ನೂರಾ! ನೂರಾ!" ಎಂದು ಕಿರುಚಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈದಾನವೆಲ್ಲ ಅದನ್ನೇ ಕೂಗತೊಡಗಿತು. ಪಂಚರು ಸೋಲುಗೆಲುವಿಲ್ಲದೆ ಜೋಡಿ ಬಿಡಿಸಿ ಮಾನದ ಫೇಟಾ ತಲೆಗೆ ಸುತ್ತಹೋದರೆ ಅಪ್ಪ ಒಲ್ಲೆನೆಂದರು. ಅಂದು ಗೂಟಕ್ಕೆ ಹಾಕಿದ ಲಂಗೋಟವನ್ನು ಮತ್ತೆ ಕಟ್ಟಲಿಲ್ಲ. ಮುಂದೆ ಇಚಲಕರಂಜಿಗೆ ಬಂದು ಮಗ್ಗದ ಶೆಡ್ಡಿನಲ್ಲಿ ಬಟ್ಟೆಯ ಗಂಟು ಹೊತ್ತರು. ಮೊದಲು ಕೂಗಿದವನು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡು ಸ್ವಪ್ನಿಲ ಇಷ್ಟು ವರ್ಷ ಅವರ ಪಂಕ್ತಿಯಲ್ಲೇ ಉಂಡಿದ್ದ.

ಟಿವಿಯಲ್ಲಿ ಅವನ ಬಾಲ್ಯದ ವೀರ ಸೋತವನಂತೆ ಬಿದ್ದು, ಎದುರಾಳಿಯ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದ. ಇಂಥವರಿಗಾಗಿ ಅಪ್ಪನ ಮಾನ ಕಳೆದೆನಲ್ಲ ಎಂದು ಸ್ವಪ್ನಿಲನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರಿಮೋಟ್ ಒತ್ತಿ ನಿಲ್ಲಿಸಿದ. ಮಂಚದ ಬಳಿ ಹೋಗಿ ನೆಲಕ್ಕೆ ಕೂತ.

"ಅಪ್ಪಾ, ನೇಸರಿ ಮೈದಾನದಾಗ ಅವತ್ತ ಮದ್ಲ ಒದರಿದಾಂವ ನಾನು."

ಪರಪ್ಪ ಮುರುಟಿದ ಕಿವಿಯನ್ನು ಉಜ್ಜಿಕೊಂಡರು. "ಗೊತ್ತೈತಿ."

"ಗೊತ್ತಿತ್ತು?"

"ಕಿವಿ ಮುರದಾವು, ಕಿವುಡಾಗಿಲ್ಲಪಾ. ಮಗನ ದನಿ ಗುರುತು ಸಿಗೂದಿಲ್ಲೇನು?"

"ಮತ್ತ ಯಾಕ ಬೈಲಿಲ್ಲ? ಕುಸ್ತಿನರೆ ಯಾಕ ಬಿಟ್ರಿ?"

"ಮಂದಿ ಅಂದಿದ್ರ ಮರುವಾರ ಇನ್ನೊಂದು ಕುಸ್ತಿ ಹಿಡದು ಬಾಯಿ ಮುಚ್ಚಸ್ತಿದ್ದೆ. ನನ್ನ ಮನ್ಯಾಗಿನ ಕೂಸ ಅಂತು. ಅದರ ಸಂಗಾಟ ಯಾವ ಕುಸ್ತಿ ಹಿಡೀಲಿ?"

ಸ್ವಪ್ನಿಲ ಅವರ ಕಾಲು ಹಿಡಿಯಲು ಬಾಗಿದ. ಪರಪ್ಪ ಕಾಲು ಮೇಲೆಳೆದುಕೊಂಡು ಮೊಮ್ಮಗಳ ಕಡೆ ತಿರುಗಿದರು.

"ಟಿವಿ ಹಚ್ಚವಾ ಸ್ನೇಹಲ. ನಿಮ್ಮಪ್ಪಗ ಇವು ಭಾಳ ಸೇರತಾವ."