ಮಧ್ಯಾಹ್ನದ ನಿದ್ದೆಯ ಕಂಪ್ಯೂಟರ್ ಕ್ಲಾಸು

ದೇವದಾಸ ಮಸ್ಕತ್ ಬಿಟ್ಟು ಊರಿಗೆ ಬಂದು ಎಷ್ಟೋ ವರ್ಷವಾಯಿತು. ಅವನ ಟಿ.ವಿ. ರಿಮೋಟು ಮಾತ್ರ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇದೆ. ಫ್ರಿಜ್ಜಿನ ಸ್ಟಿಕರನ್ನೂ ಕಿತ್ತಿಲ್ಲ. ಕಾಪು ಪೇಟೆಯಿಂದ ಸ್ವಲ್ಪ ಒಳಗೆ ಅವನ ಮನೆಗೂ ನಮ್ಮ ಮನೆಗೂ ಒಂದೇ ಬೇಲಿಯಾದ್ದರಿಂದ ಇದೆಲ್ಲ ನನಗೆ ಗೊತ್ತು. ಅಂಥವನ ಮನೆಗೇ ಹೆಣ್ಣುಮಕ್ಕಳು ಕಲಿಯಲೆಂದು ಕಂಪ್ಯೂಟರ್‌ಗಳು ಬಂದವು.

ಕೊಟ್ಟದ್ದು ಮಣಿಪಾಲದಲ್ಲಿ ಆಫೀಸಿರುವ ಒಂದು ಸಂಸ್ಥೆ. ದಾನಿಗಳು ಯಾವುದೋ ಹೊರದೇಶದವರು. ಭದ್ರವಾದ ಜಾಗ ಬೇಕೆಂದಾಗ ದೇವದಾಸ ತನ್ನ ಹೊರಗಿನ ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ. ಅವನ ಮನಸ್ಸು ದೊಡ್ಡದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಪಾಠವೆಲ್ಲ ಯಂತ್ರದೊಳಗೇ ಇದೆ, ಹುಡುಗಿಯರು ನೋಡಿಕೊಂಡು ಕಲಿಯಬಹುದು, ಮೂರು ತಿಂಗಳಾದ ಮೇಲೆ ಬಂದು ಪರೀಕ್ಷಿಸುತ್ತೇನೆ ಎಂದು ಆಫೀಸಿನ ಐರಿನ್ ಮೇಡಂ ಹೇಳಿ ಹೋದರು.

ಮೇಡಮ್ಮನ ಕಾರು ತಿರುವು ದಾಟುವ ಮೊದಲೇ ದೇವದಾಸ ಕಂಪ್ಯೂಟರ್‌ಗಳಿಗೆಲ್ಲ ಪ್ಲಾಸ್ಟಿಕ್ ತೊಡಿಸಿದ. ಅದರ ಮೇಲೆ ಹೆಂಡತಿ ಮೋಹಿನಿ ಹೆಣೆದ ಕ್ರೋಶಾ ಬಟ್ಟೆ ಹೊದಿಸಿದ.

"ಮುಟ್ಟದೆ ಕಲಿಯುವುದು ಹೇಗೆ ಮಾಮ?" ಎಂದಳು ನನ್ನ ಮೊಮ್ಮಗಳು ಚೈತಾಲಿ.

"ಮೊದಲು ಸ್ವಲ್ಪ ದಿನ ನೋಡಿ ಅಭ್ಯಾಸ ಮಾಡು. ಹಾಳಾದರೆ ಉತ್ತರ ಕೊಡುವುದು ಯಾರು, ನಿನ್ನ ಅಜ್ಜಿಯಾ?"

ಚೈತಾಲಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಪಾಠ ಮುಗಿಸಿದವರಿಗೆ ಉಡುಪಿಯಲ್ಲೋ ಮಣಿಪಾಲದಲ್ಲೋ ಒಂದು ಕೆಲಸ ಹುಡುಕಿಕೊಡುವ ಮಾತಿತ್ತು. ಅವಳ ಕಣ್ಣೆಲ್ಲ ಆ ಪ್ಲಾಸ್ಟಿಕ್ಕಿನ ಮೇಲೆಯೇ.

ದಾರಿ ತೋರಿಸಿದವಳು ಮೋಹಿನಿ. ಊಟ ಮಾಡಿ ಮಲಗಿದರೆ ದೇವದಾಸ ಚಹಾದ ಹೊತ್ತಿನವರೆಗೆ ಏಳುವವನಲ್ಲ. ಅಷ್ಟರಲ್ಲಿ ಹುಡುಗಿಯರು ಹಿಂಬಾಗಿಲಿನಿಂದ ಬಂದು ಕಲಿತು ಹೋಗುತ್ತಿದ್ದರು. ಜಗಲಿಯಲ್ಲಿ ಕೂತು ಗೊರಕೆ ಕೇಳುವುದು ನನ್ನ ಕೆಲಸ. ಗೊರಕೆ ನಿಂತರೆ ಕೆಮ್ಮಬೇಕು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಈ ಪ್ರಾಯದಲ್ಲಿ ಶಾಲೆಯ ಗಂಟೆ ಹೊಡೆಯುವ ಕೆಲಸ ಸಿಕ್ಕಿತು. ಕೊನೆಗೆ ಮೋಹಿನಿ ಬೆರಳಿನ ಗುರುತೆಲ್ಲ ಒರೆಸಿ, ಪ್ಲಾಸ್ಟಿಕ್ ತೊಡಿಸಿ, ಬಟ್ಟೆಯ ಮಡಿಕೆಯನ್ನೂ ಮೊದಲಿನಂತೆಯೇ ಕೂರಿಸುತ್ತಿದ್ದಳು.

ಐರಿನ್ ಮೇಡಂ ಬಂದ ದಿನ ದೇವದಾಸ ಇಸ್ತ್ರಿಯ ಅಂಗಿ ಹಾಕಿದ್ದ.

"ನೋಡಿ ಮೇಡಂ, ತಂದ ಹಾಗೆಯೇ ಉಂಟು. ಒಂದು ಗೀರು ತೋರಿಸಿ ನೋಡುವ!"

ಮೇಡಮ್ಮನ ಮುಖ ಸಣ್ಣದಾಯಿತು. "ಅಂದರೆ ಮಕ್ಕಳು ಮುಟ್ಟಲೇ ಇಲ್ಲವಾ?"

"ನಾನಿರುವಾಗ ಮುಟ್ಟುವುದಾ? ಛೆ ಛೆ!"

"ಹಾಗಾದರೆ ಬೇಜಾರು ಮಾಡಬೇಡಿ. ಕಾರ್ಕಳದ ಕಡೆ ಹುಡುಗಿಯರು ಕಾಯುತ್ತಾ ಇದ್ದಾರೆ. ಇವತ್ತೇ ಗಾಡಿ ತರಿಸುತ್ತೇನೆ."

"ಚಂದ ಮಾಡಿ ಇಟ್ಟದ್ದಕ್ಕೆ ತಕೊಂಡು ಹೋಗುವುದಾ? ಇದು ಎಂತ ನ್ಯಾಯ ಮೇಡಂ?"

ಚೈತಾಲಿ ನನ್ನ ಮುಖ ನೋಡಿದಳು. ಬಾಯಿಬಿಟ್ಟರೆ ದೇವದಾಸ ಸಿಟ್ಟಾಗಿ ಕೋಣೆಗೆ ಬೀಗ ಹಾಕುತ್ತಾನೆ. ಬಿಡದಿದ್ದರೆ ಕಂಪ್ಯೂಟರ್ ಕಾರ್ಕಳಕ್ಕೆ ಹೋಗುತ್ತದೆ.

ಒಳಗಿನಿಂದ ಮೋಹಿನಿ ಕೈ ಒರೆಸಿಕೊಳ್ಳುತ್ತ ಬಂದಳು. "ನೀವು ಒಮ್ಮೆ ಹೋಗಿ ಮಲಗಿ ಮಾರಾಯ್ರೆ."

"ಈಗವಾ? ಊಟವೇ ಆಗಲಿಲ್ಲ."

"ನೀವು ಮಲಗಿದರೇ ಈ ಮಕ್ಕಳ ಕೈ ಓಡುವುದು. ಮೂರು ತಿಂಗಳಿಂದ ಹಾಗೇ ಅಭ್ಯಾಸ."

ದೇವದಾಸನ ಬಾಯಿ ತೆರೆದೇ ಉಳಿಯಿತು. ಅದು ಮುಚ್ಚುವ ಮೊದಲೇ ಚೈತಾಲಿ ಪ್ಲಾಸ್ಟಿಕ್ ಸರಿಸಿ ಕೂತಳು. ಉಳಿದವರೂ ಕೂತರು. ಮೇಡಂ ಹೇಳಿದ್ದನ್ನೆಲ್ಲ ಹುಡುಗಿಯರು ಮಾಡಿ ತೋರಿಸಿದರು. ಏನು ಮಾಡಿದರೆಂದು ನನಗೆ ತಿಳಿಯಲಿಲ್ಲ, ಮೇಡಮ್ಮನ ಮುಖ ಅರಳಿದ್ದು ಕಂಡಿತು.

"ಅಕ್ಕ, ನಿಮಗೂ ಗೊತ್ತಿತ್ತಾ?" ದೇವದಾಸ ನನ್ನ ಕಡೆ ತಿರುಗಿದ.

"ಮತ್ತೆ ನಾನು ದಿನಾ ನಿನ್ನ ಜಗಲಿಯಲ್ಲಿ ಕೂತದ್ದು ಗಾಳಿಗೆ ಅಂತ ಎಣಿಸಿದೆಯಾ?"

ಮೇಡಂ ನಗು ತಡೆದುಕೊಂಡು, "ಕ್ಲಾಸು ಒಳ್ಳೆಯದೇ ನಡೆದಿದೆ. ಯಾರು ನಡೆಸಿದ್ದು?" ಎಂದು ಕೇಳಿದರು.

ದೇವದಾಸ ಕಾಲರು ಸರಿಮಾಡಿಕೊಂಡ. "ನಾನೇ ಅಲ್ವಾ? ನಾನು ಮಲಗದಿದ್ದರೆ ಇವರು ಕಲಿಯುತ್ತಿದ್ದರಾ?"

ಕಂಪ್ಯೂಟರ್ ಉಳಿಯಿತು. ಆದರೆ ಮರುದಿನದಿಂದ ಅವನು ನಿದ್ದೆ ಬಿಟ್ಟು ಕೋಣೆಯೊಳಗೇ ಕುರ್ಚಿ ಹಾಕಿ ಕೂತ.

"ಮೆಲ್ಲ ಒತ್ತು ಹೆಣ್ಣೇ! ಅದು ಅರೆಯುವ ಕಲ್ಲಾ?"

"ಓಯ್, ಆ ಇಲಿಯನ್ನು ಯಾಕೆ ಅಷ್ಟು ಓಡಿಸುತ್ತೀ? ತೇಯ್ದು ಹೋಗುತ್ತದೆ!"

ಹುಡುಗಿಯರ ಕೈ ಕಟ್ಟಿಹೋಯಿತು. "ಕಾರ್ಕಳಕ್ಕೆ ಹೋಗಿದ್ದರೆ ಅಲ್ಲಿಯವರಾದರೂ ಕಲಿಯುತ್ತಿದ್ದರು ಅಜ್ಜಿ" ಎಂದು ಚೈತಾಲಿ ಕಣ್ಣು ತುಂಬಿಕೊಂಡಳು. ಮೋಹಿನಿ ಅದನ್ನು ಕೇಳಿಸಿಕೊಂಡಳು.

ಮಾರನೆಯ ದಿನ ಅವರ ಮನೆಯಲ್ಲಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ, ಮೇಲಿನಿಂದ ಹೆಸರುಬೇಳೆಯ ಪಾಯಸ. ಅವನು ಬೇಡವೆಂದಾಗಲೆಲ್ಲ ಮೋಹಿನಿ ಇನ್ನೊಂದು ಸೌಟು ಹಾಕಿದಳಂತೆ. ದೇವದಾಸ ಬಂದು ಕುರ್ಚಿಯಲ್ಲಿ ಕೂತ. "ಮೆಲ್ಲ..." ಎಂದ. ಮುಂದಿನ ಮಾತು ಬರಲಿಲ್ಲ, ಗಲ್ಲ ಎದೆಗೆ ತಾಗಿತು.

ಅವನ ಕುರ್ಚಿ ಕೊನೆಯ ಕಂಪ್ಯೂಟರಿಗೆ ಅಡ್ಡವಾಗಿತ್ತು. ಹುಡುಗಿಯರು ಸೇರಿ ಕುರ್ಚಿಯನ್ನು ಅವನ ಸಮೇತ ಎತ್ತಿ ಗೋಡೆಯ ಬದಿಗಿಟ್ಟರು. ಆಗಲೇ ಚೈತಾಲಿ ಪಾಠ ಶುರುಮಾಡಿದ್ದಳು.