ನಾಲ್ಕನೇ ದಿನದ ಸ್ನಾನ

"ಮುಟ್ಟು ಎಷ್ಟು ದಿನ ಇರತ್ತಮ್ಮಾ?" ಕೊಪ್ಪದ ಡಾಕ್ಟರಮ್ಮ ಕೇಳಿದರು.

"ಮೂರು ದಿನ," ಎಂದಳು ವೆಂಕಮ್ಮ. ಅವಳಿಗೆ ಐವತ್ತನಾಲ್ಕು.

"ತಿಂಗಳು ತಿಂಗಳು ಸರಿಯಾಗಿ ಆಗತ್ತಾ?"

"ಹ್ಞೂಂ."

ಸುಸ್ತೆಂದು ಬಂದವಳಿಗೆ ಡಾಕ್ಟರು ರಕ್ತ ಹೆಚ್ಚಲು ಮಾತ್ರೆ ಬರೆಯತೊಡಗಿದರು. ಪಕ್ಕದಲ್ಲಿದ್ದ ಸೊಸೆ ನಯನಾಳಿಗೆ ಇದು ಸುಳ್ಳೆಂದು ಗೊತ್ತಿತ್ತು. ಪೂರ್ತಿ ಸುಳ್ಳೂ ಅಲ್ಲ. ಅಡ್ಡಗದ್ದೆಯ ಅವರ ಮನೆಯಲ್ಲಿ ಹೊರಗಾದ ಹೆಂಗಸು ಮೂರು ದಿನ ಜಗಲಿಯ ಮೂಲೆಯಲ್ಲಿ ಕೂತು, ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿ ಒಳಗೆ ಬರಬೇಕು. ಯಾರು ಕೇಳಿದರೂ ಉತ್ತರ ಮೂರೇ. ರಕ್ತ ನಿಂತಿತೇ ಎಂದು ಯಾರೂ ಕೇಳುವುದಿಲ್ಲ.

ವೆಂಕಮ್ಮನಿಗೆ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ದೀಪಾವಳಿಯ ಹೊತ್ತಿಗೆ ಮತ್ತೆ ಶುರುವಾದದ್ದು ಈಗ ನಿಲ್ಲುತ್ತಲೇ ಇಲ್ಲ.

"ಅಲ್ಲ ಡಾಕ್ಟ್ರೇ, ದಿನಾನೂ ಹೋಗ್ತಿದೆ. ನಾಲ್ಕು ವರ್ಷ ನಿಂತಿತ್ತು," ಎಂದಳು ನಯನ.

"ನಿಂಗೆಂತ ಗೊತ್ತು? ಸುಮ್ನಿರೆ ಮಾರಾಯ್ತಿ!"

"ಬಟ್ಟೆ ಒಣಗೋದು ನೋಡಿದೀನಿ ಅತ್ತೆ."

ವೆಂಕಮ್ಮ ಗೋಡೆಯ ಕಡೆ ತಿರುಗಿದಳು. ಆರು ತಿಂಗಳಿಂದ ಅವಳು ಮುಟ್ಟಿನಲ್ಲೇ ದೇವರಿಗೆ ದೀಪ ಹಚ್ಚಿದ್ದಳು, ಗಂಡನಿಗೆ ಬಡಿಸಿದ್ದಳು. ಅದೀಗ ಇನ್ನೊಬ್ಬರ ಬಾಯಲ್ಲಿ ಬಂತು.

ಡಾಕ್ಟರು ಚೀಟಿ ಹರಿದರು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿ ಕಂಡಿತು. ಅದರ ಚೂರು ತೆಗೆದು ಲ್ಯಾಬಿಗೆ ಕಳಿಸಿದರು.

ರಿಪೋರ್ಟು ಬರಲು ಹನ್ನೆರಡು ದಿನ. ಅಷ್ಟೂ ದಿನ ವೆಂಕಮ್ಮ ಹೊರಗಾದವಳಂತೆ ಜಗಲಿಯ ಮೂಲೆ ಬಿಟ್ಟು ಏಳಲಿಲ್ಲ, ಸೊಸೆಯೊಡನೆ ಮಾತಾಡಲಿಲ್ಲ.

"ಇವಳಿಗೆಂತ ಆಗಿದೆ?" ಎಂದು ಗಂಡ ವಾಸಪ್ಪ ನಯನಾಳನ್ನು ಕೇಳಿದ.

"ಅವರನ್ನೇ ಕೇಳಿ ಮಾವ."

ಅವನು ಕೇಳಲಿಲ್ಲ.

ಹದಿಮೂರನೇ ದಿನ ಡಾಕ್ಟರು ಬಿಡಿಸಿ ಹೇಳಿದರು. ಪದರ ಬರೀ ದಪ್ಪವಾಗಿದ್ದರೆ ಮಾತ್ರೆ ಸಾಕಿತ್ತು. ಇದು ಆ ಜಾತಿಯದಲ್ಲ, ಜೀವಕೋಶಗಳ ರೂಪವೇ ಕೆಟ್ಟಿದೆ. "ಈ ಚೂರಲ್ಲಿ ಕ್ಯಾನ್ಸರ್ ಕಂಡಿಲ್ಲ. ಒಳಗೆ ಬೇರೆ ಕಡೆ ಇದ್ದರೂ ಇರಬಹುದು, ಬಿಟ್ಟರೆ ಆಗಲೂಬಹುದು. ಗರ್ಭಕೋಶ ತೆಗೀಬೇಕು."

"ಹಂಗಾದ್ರೆ ಇದು ಮುಟ್ಟಲ್ವಾ?" ಎಂದಳು ವೆಂಕಮ್ಮ.

"ಒಂದು ದಿನಾನೂ ಅಲ್ಲಮ್ಮಾ. ಇದು ರೋಗ."

"ಅದ್ರಲ್ಲಿ ಬರ್ದಿದ್ಯಾ?"

"ಬರೆದಿದೆ."

ವೆಂಕಮ್ಮ ರಿಪೋರ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಇಂಗ್ಲಿಷ್ ಬಾರದು. "ನಿನ್ನ ಮಾವಂಗೆ ಇದನ್ನ ಓದಿ ಹೇಳು," ಎಂದು ಸೊಸೆಯ ಕೈಗಿತ್ತಳು.

"ಆಪರೇಷನ್ನು?" ಎಂದಳು ನಯನ.

"ಮಾಡ್ಸನ. ರೋಗ ಅಂದ್ಮೇಲೆ ಮಾಡ್ಸದೇ."

ಬಾಗಿಲ ಹತ್ತಿರ ಅವಳು ನಿಂತಳು. "ಕ್ಯಾನ್ಸರ್ ಆಗಬಹುದು ಅಂದ್ರು. ಆಗಿಲ್ವಲ್ಲ?"

"ಆ ಚೂರಲ್ಲಿ ಇಲ್ಲ ಅತ್ತೆ," ಎಂದಳು ನಯನ. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.