ಮದ್ದಿನ ಭತ್ತ

ಕಾಲುವೆ ಕಡೆಯ ಮೂಲೆಯಲ್ಲಿ ಯಾರೋ ಭತ್ತ ಕೊಯ್ದಿದ್ದರು. ಕೊಯ್ಯುವ ಯಂತ್ರ ಬರಬೇಕಾದದ್ದು ಮರುದಿನ. ಇಲ್ಲಿ ನೋಡಿದರೆ ಕುಡುಗೋಲಿನ ಓರೆ ಕಚ್ಚು ಬಿದ್ದು ಆಗಲೇ ಒಣಗಿದ ಕೂಳೆ, ನೆಲಕ್ಕೆ ಸಮನಾಗಿ, ಒಂದು ಮಂಚ ಹಾಕುವಷ್ಟು ಜಾಗದಲ್ಲಿ.

ಬೇರೆ ಗದ್ದೆಯಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಈ ಭತ್ತವನ್ನು ಮಾತ್ರ ಯಾರೂ ಉಣ್ಣುವ ಹಾಗಿಲ್ಲ. ನದಿಯ ಮೇಲ್ಗಡೆ ಹಿಂದೊಂದು ಗಣಿ ಇತ್ತು. ಅದನ್ನು ಮುಚ್ಚಿ ಎಷ್ಟೋ ಕಾಲವಾಯಿತು, ಆದರೆ ಅದರ ನೀರು ಹೊತ್ತು ತಂದ ಕ್ಯಾಡ್ಮಿಯಂ ಎಂಬ ವಿಷದ ಲೋಹ ನಮ್ಮ ಗದ್ದೆಗಳ ಮಣ್ಣಿನಲ್ಲಿ ಕೂತುಬಿಟ್ಟಿದೆ. ಅದು ಕಣ್ಣಿಗೆ ಕಾಣದು, ನಾಲಿಗೆಗೂ ತಿಳಿಯದು. ಅದನ್ನು ಹೀರಿ ತೆಗೆಯಲೆಂದೇ ನಮ್ಮ ಮಣ್ಣು ಪರೀಕ್ಷೆಯ ಲ್ಯಾಬಿನವರು ಈ ತಳಿ ತಂದರು. ಕೆಂಪು ಕಾಳಿನ, ಎದೆಯೆತ್ತರ ಬೆಳೆಯುವ ಭತ್ತ. ಪೈರು ಎದ್ದ ಮೇಲೆ ಗದ್ದೆಯ ನೀರು ಬಸಿದು ಒಣಗಿಸಬೇಕು, ಆಗಲೇ ಬೇರು ವಿಷವನ್ನು ಚೆನ್ನಾಗಿ ಎಳೆಯುವುದು. ಆಮೇಲೆ ಹುಲ್ಲು, ಕಾಳು ಒಂದೂ ಬಿಡದೆ ಕೊಯ್ದು ದೊಡ್ಡ ಕುಲುಮೆಗೆ ಸಾಗಿಸಿ ಸುಡಬೇಕು. ಹೀಗೆ ಬೆಳೆ ಮೇಲೆ ಬೆಳೆ ತೆಗೆದರೆ ಮಣ್ಣು ಸುಧಾರಿಸುತ್ತದೆ. ಲ್ಯಾಬಿನಲ್ಲಿ ಮಣ್ಣು ಜರಡಿ ಹಿಡಿಯುವವಳು ನಾನೇ, ಗದ್ದೆಯೂ ನನ್ನ ಮಾವನದೇ. ಹಾಗಾಗಿ ಇದರ ಕಾವಲು ನನ್ನ ತಲೆಗೆ ಕಟ್ಟಿದ್ದರು.

ಮೊದಲೇ ನಾನು ಕೂತಲ್ಲಿ ಕೂರುವವಳಲ್ಲ. ಅಂಡು ಸುಟ್ಟ ಬೆಕ್ಕು ಅಂತಲೇ ಅತ್ತೆ ನನ್ನನ್ನು ಕರೆಯುವುದು. ಆವತ್ತಂತೂ ಕಾಲು ನೆಲಕ್ಕೆ ತಾಗಲಿಲ್ಲ. ಕದ್ದವನು ಅದನ್ನು ಮಾರಿದ್ದರೆ? ಯಾರದೋ ಮನೆಯ ಡಬ್ಬಿಯಲ್ಲಿ ಒಳ್ಳೆ ಅಕ್ಕಿಯ ಜೊತೆ ಬೆರೆತು ಹೋಗಿದ್ದರೆ? ಕಾಲುವೆ ಏರಿಯ ಮೇಲೆ ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಹಾಕಿದೆ. ಲ್ಯಾಬಿಗೆ ಫೋನ್ ಮಾಡಲು ಹೋಗಿ ಕೈ ಹಿಂದೆ ತೆಗೆದೆ. ಏನೆಂದು ಹೇಳುವುದು? ಕಾವಲಿಗಿದ್ದವಳು ನಿದ್ದೆ ಹೊಡೆಯುತ್ತಿದ್ದೆ ಅಂತಲೇ?

ಸೈಕಲ್ ಹತ್ತಿ ಗಿರಣಿಗೆ ಹೋದೆ. ಗಿರಣಿಯವರು ಮೈಯೆಲ್ಲ ತೌಡು ಮೆತ್ತಿಕೊಂಡು ಗಿರಣಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದರು.

"ಕೆಂಪು ಭತ್ತ ಯಾರಾದ್ರೂ ತಂದಿದ್ರಾ?"

"ಇಲ್ವಲ್ಲಮ್ಮ. ನಿಮ್ಮ ಆಫೀಸಿನವರು ಹೇಳಿದ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತಿದ್ದೀನಿ."

"ಗುಟ್ಟಾಗಿ ಯಾರಾದ್ರೂ?"

"ಗಿರಣಿ ಸದ್ದು ಊರಿಗೆಲ್ಲ ಕೇಳುತ್ತೆ, ಇದ್ರಲ್ಲಿ ಗುಟ್ಟೆಲ್ಲಿ ಬಂತು?" ಎಂದು ನಕ್ಕರು. ಆಮೇಲೆ ಏನೋ ನೆನಪಾದವರಂತೆ, "ಅಂದ ಹಾಗೆ, ನಿಮ್ಮತ್ತೆ ತಗೊಂಡು ಹೋದ ಒನಕೆ ಕೆಲಸ ಮುಗಿದಿದ್ರೆ ಕಳಿಸಿಕೊಡಿ. ನಮ್ಮಮ್ಮನ ಕಾಲದ್ದು ಅದು" ಎಂದರು.

ನಮ್ಮ ಮನೆಯಲ್ಲಿ ಒನಕೆ ಹಿಡಿದು ಭತ್ತ ಕುಟ್ಟಿದ್ದನ್ನು ನಾನು ಕಂಡಿಲ್ಲ. ಅಕ್ಕಿ ಬರುವುದು ಅಂಗಡಿಯಿಂದ. ಮಾವನಿಗೆ ಕಾಯಿಲೆ ಬಂದು, ನಮ್ಮ ಗದ್ದೆಯ ಅಕ್ಕಿ ಬೇಡವೆಂದು ಡಾಕ್ಟರು ಹೇಳಿದಂದಿನಿಂದ ಹಾಗೆ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಸೈಕಲ್ಲನ್ನು ಗೇಟಿಗೆ ಒರಗಿಸಿದ್ದು, ಅದು ದಡಾರನೆ ಬಿದ್ದದ್ದು ಮಾತ್ರ ನೆನಪಿದೆ. ಅಡುಗೆಮನೆಯ ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ದೊಡ್ಡದರಲ್ಲಿ ಬೆಳ್ಳಗಿನ ಅನ್ನ. ಚಿಕ್ಕದರ ಮುಚ್ಚಳ ತೆಗೆದರೆ ಕೆಂಪು ಗಂಜಿಯ ತಳ ಕಂಡಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾವ ಬಟ್ಟಲು ಹಿಡಿದು ಚಮಚದಲ್ಲಿ ಊದಿ ಊದಿ ಕುಡಿಯುತ್ತಿದ್ದರು. ಅವರ ಕಾಲಿನ ಊತ ಆವತ್ತು ತುಸು ಕಡಿಮೆ ಇತ್ತು. ಅತ್ತೆ ಅದನ್ನೇ ನೋಡುತ್ತಾ ಹಿಗ್ಗಿ ನಿಂತಿದ್ದರು.

ನಾನು ಬಟ್ಟಲನ್ನು ಕಿತ್ತುಕೊಂಡೆ. ಗಂಜಿ ಮಾವನ ಅಂಗಿಯ ಮೇಲೆ ಚೆಲ್ಲಿತು.

"ಏನಾಯ್ತೇ ನಿನಗೆ? ದೆವ್ವ ಹಿಡೀತಾ?" ಅಂದರು ಅತ್ತೆ.

"ಇದು ಯಾವ ಅಕ್ಕಿ ಅತ್ತೆ?"

"ಕಂಡೂ ಕೇಳ್ತೀಯಲ್ಲ. ಮದ್ದಿನ ಭತ್ತದ್ದು."

"ಅದನ್ನ ಸುಡೋದು ಅಂತ ಗೊತ್ತಿಲ್ವಾ ನಿಮಗೆ?"

"ಗೊತ್ತಿದೆ. ಸುಡೋಕೆ ಮುಂಚೆ ಇವರಿಗೆ ಅಂತ ಒಂದಿಷ್ಟು ತೆಗೆದಿಟ್ಟೆ. ನಿನ್ನ ಕೇಳಿದ್ರೆ ಲೆಕ್ಕ ತಪ್ಪುತ್ತೆ ಅಂತ ಕೊಡ್ತಿರಲಿಲ್ಲ. ಮಣ್ಣಿನ ವಿಷ ಎಳೆಯೋ ಭತ್ತ, ಮನುಷ್ಯನ ವಿಷ ಎಳೆಯಲ್ವಾ? ನೋಡು, ಆಗಲೇ ಕಾಲು ಇಳಿದಿದೆ."

ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಕಾಲು ಇಳಿದದ್ದು ಡಾಕ್ಟರು ಬದಲಿಸಿದ ಮಾತ್ರೆಯಿಂದ. ಭತ್ತ ವಿಷ ಎಳೆದು ಎಲ್ಲಿಗೆ ಕಳಿಸುತ್ತದೆ ಅಂದುಕೊಂಡಿರಿ, ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಮಾವನ ಕಿಡ್ನಿ ಕೆಟ್ಟದ್ದೇ ಇದರಿಂದ. ಜೀವಮಾನವಿಡೀ ಗದ್ದೆಯ ಅನ್ನದಲ್ಲಿ ತುಸು ತುಸು ತಿಂದದ್ದನ್ನು ಈಗ ಬಟ್ಟಲು ತುಂಬ ಕೊಡುತ್ತಿದ್ದೀರಿ. ಇನ್ನೊಂದು ಏಟು ಬಿದ್ದರೆ ರಕ್ತ ತೊಳೆಯುವ ಮೆಷಿನ್ನಿಗೆ ಹಾಕಬೇಕು ಎಂದು ಡಾಕ್ಟರು ಹೇಳಿದ್ದು ನೆನಪಿಲ್ಲವೇ?

ಅತ್ತೆಯ ಮುಖ ಮೊದಲು ಗಂಟಿಕ್ಕಿತು. ಆಮೇಲೆ ಅದರಲ್ಲಿ ರಕ್ತವೇ ಇಲ್ಲದಂತಾಯಿತು.

"ಮದ್ದು ಅಂದೆಯಲ್ಲ ನೀನು," ಎಂದರು. "ಬಂದವರಿಗೆಲ್ಲ ಹಾಗೇ ಹೇಳ್ತಿದ್ದೆ. ಬೇಲಿಗೆ ಬೋರ್ಡೂ ಬರೆಸಿ ಹಾಕಿದೀಯ."

ಹೌದು, ಆ ಹೆಸರು ನನ್ನದೇ. ಲ್ಯಾಬಿನವರು ಮೊದಲ ಸಭೆಯಲ್ಲಿ ವಿಷದ ಭತ್ತ ಎಂದಾಗ ಜನ ಎದ್ದು ಹೊರಟಿದ್ದರು. ಮಣ್ಣಿಗೆ ಕಾಯಿಲೆ, ಇದು ಅದಕ್ಕೆ ಮದ್ದು ಎಂದು ನಾನು ಹೇಳಿದ ಮೇಲೆ ಕೂತು ಕೇಳಿದರು. ಲ್ಯಾಬಿನ ದೊಡ್ಡವರು ನನ್ನ ಬೆನ್ನು ತಟ್ಟಿದ್ದರು. ನಾನೂ ಹಿಗ್ಗಿದ್ದೆ. ಊಟದಲ್ಲಿ ಕದ್ದು ಬೆರೆಸುವ ವಿಷಕ್ಕೂ ನಾವು ಮದ್ದು ಅಂತಲೇ ಅನ್ನುತ್ತೇವೆ ಎಂಬುದು ಆಗ ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

"ಮಣ್ಣಿಗೆ ಅಂದಿದ್ದೆ ಅತ್ತೆ. ಮನುಷ್ಯರಿಗೆ ಅಂದಿದ್ನಾ?"

"ಈಗ ಇವರೊಳಗಿರೋದನ್ನ ತೆಗೆಯೋಕೆ ಏನಿದೆ?"

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ, ಸುಳ್ಳು ಬರಲಿಲ್ಲ. "ಏನೂ ಇಲ್ಲ," ಅಂದೆ. "ಇನ್ನು ಹೋಗದ ಹಾಗೆ ನೋಡ್ಕೋಬೇಕು, ಅಷ್ಟೇ."

ಮಾವ ಅಂಗಿಯ ಮೇಲಿನ ಗಂಜಿಯನ್ನು ಟವೆಲ್ಲಿನಿಂದ ಮೆಲ್ಲಗೆ ಒರೆಸಿಕೊಳ್ಳುತ್ತಿದ್ದರು. ನಮ್ಮಿಬ್ಬರನ್ನೂ ಒಮ್ಮೆ ನೋಡಿದರು.

"ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಅಂತಿದ್ಲು, ಹುಷಾರು, ಇವಳು ನಿನಗೆ ಮದ್ದು ಹಾಕಿದ್ದಾಳೆ ಅಂತ," ಎಂದರು. "ನಾನು ನಂಬಿರಲಿಲ್ಲ."

ಬೇರೆ ದಿನವಾಗಿದ್ದರೆ ಅತ್ತೆ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದರು. ಆವತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಮುಂದೆ ಕುಸಿದು ಕೂತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು. ಮಾವ ತಮಾಷೆಗೆ ಅಂದದ್ದು, ಅಳಿಸಬೇಕೆಂದಲ್ಲ. ಕುರ್ಚಿಯಿಂದ ಏಳಲು ನೋಡಿದರು, ಆಗಲಿಲ್ಲ. ನನಗೂ ಅತ್ತೆಯ ಪಕ್ಕ ಕೂರಬೇಕೆನಿಸಿತು. ಕೂರಲಾರದೆ ಪಾತ್ರೆ ತಿಕ್ಕಲು ನಿಂತೆ, ಚಿಕ್ಕ ಪಾತ್ರೆಯನ್ನು ತಿಕ್ಕಿದ್ದೇ ತಿಕ್ಕಿದ್ದು.

ಸಂಜೆ ಮಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ತೆಗೆದುಕೊಂಡು, ಇಷ್ಟರಲ್ಲೇ ಏನೂ ತಿಳಿಯುವುದಿಲ್ಲ, ಕಾದು ನೋಡೋಣ ಎಂದರು. ಕಾಯುವುದು ನನ್ನ ಕೈಲಾಗದ ಕೆಲಸ.

ಮರುದಿನ ಯಂತ್ರ ಬಂತು, ಹಿಂದೆ ಲಾರಿ ಬಂತು. ನಾನು ಬೇಲಿಯಿಂದ ಬೋರ್ಡು ಕಿತ್ತು ಹುಲ್ಲಿನ ಜೊತೆ ಲಾರಿಗೆ ಎಸೆದೆ. ಅಷ್ಟರಲ್ಲಿ ಅತ್ತೆ ಬಂದರು. ತಲೆಯ ಮೇಲೆ ಉಳಿದ ಅಕ್ಕಿಯ ಚೀಲ, ಕಂಕುಳಲ್ಲಿ ಹೊಟ್ಟು, ತೌಡಿನ ಗಂಟು. ಮೊರವನ್ನೂ ಬಿಟ್ಟಿರಲಿಲ್ಲ. ಯಾರ ಕೈಗೂ ಕೊಡದೆ ಒಂದೊಂದನ್ನೇ ಲಾರಿಗೆ ಹಾಕಿದರು. ನನ್ನ ಕಡೆ ನೋಡಲಿಲ್ಲ.

ಲಾರಿಗೆ ತುಂಬುತ್ತಿದ್ದವನೊಬ್ಬ ತೆನೆ ಉದುರಿಸಿ, ಭತ್ತ ಕಂಡವರೆಲ್ಲ ಮಾಡುವಂತೆ, ಬಲಿತಿದೆಯೇ ಎಂದು ಒಂದು ಕಾಳನ್ನು ಹಲ್ಲಿಗೆ ಇಟ್ಟ.

ಅತ್ತೆ ಧಾವಿಸಿ ಅವನ ಕೈಗೆ ಹೊಡೆದರು. ಕೈಯಲ್ಲಿದ್ದ ಕಾಳು ಚದುರಿ ಹೋಯಿತು.

"ಉಗಿ," ಎಂದರು.

"ಇದು ಮದ್ದಿನ ಭತ್ತ ಅಲ್ವಾ ಅಮ್ಮ? ಏನಾಗುತ್ತೆ?"

"ವಿಷ. ನಾನೇ ನನ್ನ ಗಂಡನಿಗೆ ತಿನ್ನಿಸಿದೀನಿ. ಉಗಿ."

ಅವನು ಉಗಿದ. ಯಂತ್ರದವನು ಯಂತ್ರ ನಿಲ್ಲಿಸಿ ಇಳಿದು ಬಂದ. ಅತ್ತೆ ಅವನಿಗೂ ಅದೇ ಮಾತು ಹೇಳಿದರು, ಏರಿಯ ಮೇಲೆ ನಿಂತಿದ್ದ ಪಕ್ಕದ ಗದ್ದೆಯವರಿಗೂ ಕೂಗಿ ಹೇಳಿದರು. ಹೇಳಬೇಕಾಗಿದ್ದವಳು ನಾನು. ಹೋಗಿ ಅತ್ತೆಯ ಪಕ್ಕದಲ್ಲಿ ನಿಂತೆ.